ಜೇಬಿನಲ್ಲಿ ಇನ್ನೊಂದು ಮ್ಯಾಗಜಿನ್ ಇರಬೇಕಾ?

ನಮ್ಮ ಜೊತೆ ಹೈಸ್ಕೂಲು ಓದಿದ ಗೆಳೆಯನೊಬ್ಬ ಈಗ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿದ್ದಾನೆ. ಸಾಫ್ಟ್‌ವೇರ್ ಅಲ್ಲ. ದೂರದ ಸಂಬಂಧಿಕರ ಪೆಟ್ರೋಲ್ ಬಂಕಿಗೆ ಹೊಂದಿಕೊಂಡ ಅಂಗಡಿ ನೋಡಿಕೊಳ್ಳುತ್ತಾನೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿ, ದಿನದ ದುಡ್ಡು ಎಣಿಸಿ, ಕಾರಿನ ತನಕ ಒಬ್ಬನೇ ನಡೆಯಬೇಕು. ಗ್ರೀನ್ ಕಾರ್ಡ್ ಬಂದ ಮೇಲೆ ಒಂದು ಸಣ್ಣ ಪಿಸ್ತೂಲು ಕೊಂಡಿದ್ದಾನೆ. ಅಂಗಿಯ ಒಳಗೆ, ಸೊಂಟದ ಹತ್ತಿರ, ಯಾರಿಗೂ ಕಾಣದ ಹಾಗೆ ಇಟ್ಟುಕೊಳ್ಳುತ್ತಾನೆ.

ಅವನ ಪ್ರಶ್ನೆ ಇದು: ಪಿಸ್ತೂಲಿನಲ್ಲಿರುವ ಗುಂಡು ಸಾಕಾ, ಅಥವಾ ಇನ್ನೊಂದು ಮ್ಯಾಗಜಿನ್ ತುಂಬಿಸಿ ಎಡಗಡೆ ಜೇಬಿನಲ್ಲಿ ಇಟ್ಟುಕೊಳ್ಳಬೇಕಾ?

ಮ್ಯಾಗಜಿನ್ ಅಂದರೆ ನಾವು ಬರೆಯುವ ಮ್ಯಾಗಜಿನ್ ಅಲ್ಲ. ಪಿಸ್ತೂಲಿನ ಹಿಡಿಕೆಯೊಳಗೆ ಕೆಳಗಿನಿಂದ ತೂರಿಸುವ ತಗಡಿನ ಡಬ್ಬಿ. ಒಳಗೆ ಸ್ಪ್ರಿಂಗು, ಅದರ ಮೇಲೆ ಸಾಲಾಗಿ ತೋಟಾಗಳು. ಅವನದು ಗ್ಲಾಕ್ 43. ಡಬ್ಬಿಯಲ್ಲಿ ಆರು, ನಳಿಗೆಯ ಬುಡದಲ್ಲಿ ಒಂದು, ಒಟ್ಟು ಏಳು. ಕೊಡುವಾಗ ಅಂಗಡಿಯವನು, ಏಳನ್ನೇ ನಂಬಿಕೊಂಡು ಯಾರೂ ಮನೆಯಿಂದ ಹೊರಡಬಾರದು ಅಂತ ಹೇಳಿ ಕಳಿಸಿದ್ದನಂತೆ.

ನಮ್ಮನ್ನೇ ಯಾಕೆ ಕೇಳಿದ ಅಂದರೆ, ಹದಿಮೂರು ವರ್ಷದಿಂದ ನಾವು ಜಿಲ್ಲೆಯ ಕ್ರೈಂ ಸುದ್ದಿ ಬರೆಯುತ್ತಿದ್ದೇವೆ. ಒಮ್ಮೆ ಮರಳಿನ ಸುದ್ದಿ ಬಂದ ವಾರ ನಮಗೂ ಯಾರೋ ಹಿತೈಷಿಗಳು "ಒಂದು ರಿವಾಲ್ವರ್ ಲೈಸೆನ್ಸ್ ಮಾಡಿಸ್ಕೊಳ್ಳಿ" ಅಂದಿದ್ದರು. ಅವನಿಗೆ ಅದು ನೆನಪಿತ್ತು. ನಾವು ಮಾಡಿಸಿಕೊಳ್ಳಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿಯವರಿಗೆ ಗುಂಡು ಬಿದ್ದದ್ದು ಅವರ ಮನೆ ಬಾಗಿಲಲ್ಲಿ. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರಿಗೆ ಬಿದ್ದದ್ದೂ ಮನೆ ಮುಂದೆಯೇ. ಕಾದು ಕುಳಿತು ಬಂದವನ ಎದುರಿಗೆ ಸೊಂಟದಲ್ಲಿ ಎಷ್ಟು ಗುಂಡು ಇತ್ತು ಅನ್ನುವ ಲೆಕ್ಕ ಶುರುವಾಗುವ ಮೊದಲೇ ಎಲ್ಲ ಮುಗಿದಿರುತ್ತದೆ. ಅದು ನಮ್ಮ ಲೆಕ್ಕ. ಅಂಗಡಿ ಮುಚ್ಚುವವನ ಲೆಕ್ಕ ಬೇರೆ ಇರಬಹುದು ಅಂತ ಕುಳಿತು ಯೋಚಿಸಿದೆವು.

ಮೊದಲು ಅಲ್ಲಿನ ಕಾನೂನು. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದ, ಬಂದೂಕು ಹೊಂದಲು ಕಾನೂನಿನ ಅಡ್ಡಿಯಿಲ್ಲದವರು ಪರವಾನಗಿ ಇಲ್ಲದೆಯೇ ಹೊರಗೆ ಪಿಸ್ತೂಲು ಒಯ್ಯಬಹುದು. ಎಷ್ಟು ಗುಂಡು ಅಂತ ಕೇಳುವವರಿಲ್ಲ. ಒಳಗೆ ಬಂದೂಕು ತರಬೇಡಿ ಅಂತ ಅಂಗಡಿ, ಹೋಟೆಲಿನವರು ಬೋರ್ಡು ಹಾಕಬಹುದು. ಅದೇ ಅವನು ನ್ಯೂಯಾರ್ಕಿಗೋ ಕ್ಯಾಲಿಫೋರ್ನಿಯಾಕ್ಕೋ ಹೋದರೆ, ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್ನಿಗೆ ನಿರ್ಬಂಧ. ಒಂದೇ ದೇಶ, ರಾಜ್ಯಕ್ಕೊಂದು ಕಾನೂನು.

ಮಕ್ಕಳು ಅಲ್ಲಿರುವ ತಂದೆ ತಾಯಿಯರಿಗೆ ಒಂದು ಮಾತು. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದೇ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಟೆಕ್ಸಾಸಿನಲ್ಲಿ ಎಲ್ಲರ ಹತ್ತಿರ ಇದೆ ಅಂತ ಹುಡುಗರು ಕೊಂಡುಬಿಟ್ಟರೆ ಕೆಲಸವೂ ವೀಸಾವೂ ಹೋಗಿ ಜೈಲು ಸೇರುವ ದಾರಿ ಅದು. ನಮ್ಮ ಗೆಳೆಯ ಗ್ರೀನ್ ಕಾರ್ಡಿಗೆ ಕಾದದ್ದು ಅದಕ್ಕೇ.

ನಮ್ಮಲ್ಲಿ ಈ ಪ್ರಶ್ನೆ ಏಳುವುದೇ ಅಪರೂಪ. 1959ರ ಆಯುಧ ಕಾಯ್ದೆಯ ಲೈಸೆನ್ಸ್ ಪುಸ್ತಕ ತೆಗೆದು ನೋಡಿ. ಒಂದು ಸಲಕ್ಕೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅಂತ ಎರಡು ಅಂಕಿ ಬರೆದಿರುತ್ತಾರೆ. ಸಾರ್ವಜನಿಕ ಜಾಗದಲ್ಲಿ ಒಯ್ಯುವುದಾದರೆ ಕಾಣದ ಹಾಗೆ ಮುಚ್ಚಿಕೊಂಡಿರಬೇಕು. ಜಾತ್ರೆಗೆ, ಮೆರವಣಿಗೆಗೆ, ಶಾಲೆಯ ಆವರಣಕ್ಕೆ ತರುವಂತಿಲ್ಲ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರಲು ಹೇಳುತ್ತಾರೆ. ಜೇಬಿನಲ್ಲಿ ಎಷ್ಟಿರಬೇಕು ಅನ್ನುವುದನ್ನು ಇಲ್ಲಿ ಅರ್ಧ ಸರ್ಕಾರವೇ ತೀರ್ಮಾನ ಮಾಡಿಬಿಟ್ಟಿದೆ. ಅಲ್ಲಿ ಪೂರ್ತಿ ಅವನ ತಲೆಯ ಮೇಲಿದೆ.

ನಮ್ಮ ಮಲೆನಾಡಿನ ಕಡೆ ಬೆಳೆ ಕಾಯಲು ಹೋಗುವವರ ಕೋವಿ ನೀವೆಲ್ಲ ನೋಡಿದ್ದೀರಿ. ಬಾಯಿಂದ ಮದ್ದು ಹಾಕಿ, ನಾರು ತುರುಕಿ, ಗುಂಡು ಬಿಟ್ಟು, ಸಲಾಕೆಯಿಂದ ಜಡಿದು, ಕೊನೆಗೆ ಕೇಪು ಇಡಬೇಕು. ಒಂದೇ ಈಡು. ಎರಡನೆಯದಕ್ಕೆ ಹಂದಿ ಕಾಯುವುದಿಲ್ಲ. ಗೆಳೆಯನ ಅಪ್ಪನ ಹತ್ತಿರ ಅಂಥದ್ದೊಂದು ಇತ್ತು. ಒಂದೇ ಈಡು ಅಂತ ಗೊತ್ತಿರುವವನು ಮೊದಲು ಕೂಗು ಹಾಕುತ್ತಾನೆ, ಟಾರ್ಚು ಬಿಡುತ್ತಾನೆ, ಡಬ್ಬ ಬಡಿಯುತ್ತಾನೆ, ಬೆನ್ನಿಗೆ ಮರ ಇದೆಯಾ ನೋಡಿಕೊಳ್ಳುತ್ತಾನೆ. ಹಳೆಯದೇ ಒಳ್ಳೆಯದು ಅಂತ ನಾವು ಹೇಳುತ್ತಿಲ್ಲ. ಒಂದೇ ಈಡಿನ ಕೋವಿ ಹಿಡಿದು ತೋಟಕ್ಕೆ ಹೋದವರು ಹಂದಿ ಹಾಯ್ದು ಆಸ್ಪತ್ರೆ ಸೇರಿದ ಸುದ್ದಿಯನ್ನೂ ನಾವೇ ಬರೆದಿದ್ದೇವೆ.

ಗುಂಡು ಹೆಚ್ಚಿಗೆ ಇರಲಿ ಅನ್ನುವ ಮಾತು ಅಮೆರಿಕದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಪೊಲೀಸರ ಹೆಣ ಬಿದ್ದು ಹುಟ್ಟಿದ್ದು. 1970ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್ ಅನ್ನುವಲ್ಲಿ ರಾತ್ರಿ ಒಂದು ಕಾರು ತಡೆಯಲು ಹೋದ ನಾಲ್ವರು ಹೆದ್ದಾರಿ ಪೊಲೀಸರು ಐದು ನಿಮಿಷದೊಳಗೆ ಸತ್ತರು. ಎದುರಿಗಿದ್ದವರು ಇಬ್ಬರೇ. ಒಬ್ಬ ಪೊಲೀಸ್ ರಿವಾಲ್ವರಿನ ಆರೂ ಗುಂಡು ಖಾಲಿ ಮಾಡಿ, ಬೆಲ್ಟಿನ ಚೀಲದಿಂದ ಒಂದೊಂದೇ ತೋಟಾ ತೆಗೆದು ತುಂಬುತ್ತಿರುವಾಗ ಎದುರಿನವನು ಹತ್ತಿರ ಬಂದು ಹೊಡೆದ. ಅದಾದ ಮೇಲೆ ಆ ಇಲಾಖೆ ಆರನ್ನೂ ಒಟ್ಟಿಗೆ ತುಂಬುವ ಸ್ಪೀಡ್‌ಲೋಡರ್ ಕೊಡಲು ಶುರು ಮಾಡಿತು.

1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇನ್ನೊಂದು. ಎಫ್‌ಬಿಐನ ಎಂಟು ಜನ, ಬ್ಯಾಂಕ್ ದರೋಡೆ ಮಾಡುತ್ತಿದ್ದ ಇಬ್ಬರನ್ನು ಹಿಡಿಯಲು ಹೋದರು. ಅಧಿಕಾರಿಗಳಲ್ಲಿ ಇಬ್ಬರು ಸತ್ತರು, ಐವರಿಗೆ ಗಾಯ. ಕೊನೆಗೆ ದರೋಡೆಕೋರರಿಬ್ಬರೂ ಸತ್ತರು. ರಿವಾಲ್ವರಿಗೆ ಮತ್ತೆ ಗುಂಡು ತುಂಬುತ್ತಿದ್ದ ಅಧಿಕಾರಿಯೊಬ್ಬರ ಕೈಗೇ ಗುಂಡು ಬಿತ್ತು. ಮುಂದೆ ಎಫ್‌ಬಿಐ ರಿವಾಲ್ವರ್ ಬಿಟ್ಟು ಮ್ಯಾಗಜಿನ್ನಿನ ಪಿಸ್ತೂಲಿಗೆ ಬದಲಾಯಿತು, ಊರೂರಿನ ಪೊಲೀಸರೂ ಬದಲಾದರು. ಇವತ್ತು ಅಲ್ಲಿನ ಪೊಲೀಸ್ ಬೆಲ್ಟಿನಲ್ಲಿ ಎರಡು ಮ್ಯಾಗಜಿನ್ ಹೆಚ್ಚಿಗೆ ಕಂಡರೆ ಅದರ ಹಿಂದೆ ಇಂಥ ಕಥೆಗಳಿವೆ.

ಆದರೆ ಅವರು ಪೊಲೀಸರು. ಓಡಿಹೋಗುವವನ ಹಿಂದೆ ಓಡುವುದು ಅವರ ಕೆಲಸ. ನಮ್ಮ ಗೆಳೆಯನ ಕೆಲಸ ಬಾಗಿಲು ಹಾಕಿ ಮನೆಗೆ ಹೋಗುವುದು. ಎದುರಿನವನು ಓಡಿದರೆ ಇವನಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.

ಹಾಗಾದರೆ ಸಾಮಾನ್ಯ ಜನರಿಗೆ ಎಷ್ಟು ಬೇಕಾಯಿತು? ಎರಡು ಘಟನೆ ನಾವು ಅವನ ಮುಂದಿಟ್ಟೆವು. ಎರಡೂ ಬೇರೆ ಬೇರೆ ಕಡೆಗೆ ಎಳೆಯುತ್ತವೆ.

2019ರ ಡಿಸೆಂಬರ್ 29. ಅವನದೇ ಟೆಕ್ಸಾಸಿನ ವೈಟ್ ಸೆಟಲ್‌ಮೆಂಟ್ ಅನ್ನುವ ಊರಿನ ಚರ್ಚು. ಪ್ರಾರ್ಥನೆಯ ನಡುವೆ ಒಬ್ಬ ಎದ್ದು ನಿಂತು ಇಬ್ಬರನ್ನು ಕೊಂದ. ಚರ್ಚಿನ ಭದ್ರತೆ ನೋಡಿಕೊಳ್ಳುತ್ತಿದ್ದ ಒಬ್ಬರು ಅವನನ್ನು ಹೊಡೆದು ಬೀಳಿಸಿದರು. ಒಂದೇ ಗುಂಡು. ಶುರುವಿಂದ ಕೊನೆಗೆ ಆರು ಸೆಕೆಂಡು. ಹೊಡೆದವರು ಬಂದೂಕು ತರಬೇತಿ ಕೊಡುತ್ತಿದ್ದವರು, ಕೈ ಪಳಗಿತ್ತು. ಸತ್ತ ಇಬ್ಬರಲ್ಲಿ ಒಬ್ಬರೂ ತಮ್ಮ ಪಿಸ್ತೂಲು ಹೊರತೆಗೆಯುತ್ತಿದ್ದರು ಅನ್ನುವುದನ್ನು ಜನ ಮರೆಯುತ್ತಾರೆ.

ಇನ್ನೊಂದು 2022ರ ಜುಲೈ 17. ಇಂಡಿಯಾನಾ ರಾಜ್ಯದ ಗ್ರೀನ್‌ವುಡ್ ಪಾರ್ಕ್ ಮಾಲ್. ರೈಫಲ್ ಹಿಡಿದವನು ಮೂವರನ್ನು ಕೊಂದಾಗ 22 ವರ್ಷದ ಹುಡುಗನೊಬ್ಬ ದೂರದಿಂದ ಪಿಸ್ತೂಲಿನಲ್ಲಿ ಹತ್ತು ಗುಂಡು ಹಾರಿಸಿದ. ಎಂಟು ತಾಗಿದವು. ಹದಿನೈದು ಸೆಕೆಂಡಿನಲ್ಲಿ ಮುಗಿಯಿತು.

"ನೋಡು, ಹತ್ತು ಬೇಕಾಯ್ತಲ್ಲ, ನನ್ನ ಹತ್ರ ಏಳೇ ಇದೆ" ಅಂದ ಗೆಳೆಯ. ಸರಿ, ಅದನ್ನು ಇಲ್ಲ ಅನ್ನಲಾಗುವುದಿಲ್ಲ. ಆದರೆ ಆ ಹುಡುಗನ ಹತ್ತೂ ಗುಂಡು ಒಂದೇ ಮ್ಯಾಗಜಿನ್ನಿನಲ್ಲಿದ್ದವು. ಹದಿನೈದು ಸೆಕೆಂಡಿನ ನಡುವೆ ಡಬ್ಬಿ ಬದಲಾಯಿಸುವುದು, ನಡುಗುವ ಕೈಯಲ್ಲಿ, ಬೇರೆ ಮಾತು. ಅಷ್ಟು ಗುಂಡಿನ ಯೋಚನೆ ಇರುವವನಿಗೆ ಜೇಬಿನ ಡಬ್ಬಿಗಿಂತ ಪಿಸ್ತೂಲೇ ಸ್ವಲ್ಪ ಹೆಚ್ಚು ಹಿಡಿಯುವುದಾಗಿದ್ದರೆ ಉಪಯೋಗ. 2018ರಲ್ಲಿ ಬಂದ ಸಿಗ್ ಪಿ365 ಹೆಚ್ಚುಕಡಿಮೆ ಇವನ ಪಿಸ್ತೂಲಿನಷ್ಟೇ ಸಣ್ಣದು, ಒಳಗೆ ಹತ್ತು ಹಿಡಿಯುತ್ತದೆ. ಅದನ್ನು ಹೇಳಿದ್ದಕ್ಕೆ ಅವನು ನಕ್ಕ. ಸಾಲ ಇನ್ನೂ ತೀರಿಲ್ಲವಂತೆ.

ಹಾರಿದ ಗುಂಡು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಈ ಚರ್ಚೆಯಲ್ಲಿ ಯಾರೂ ಕೇಳುವುದಿಲ್ಲ. ನಮಗೆ ಕಾಡಿದ್ದು ಅದೇ. ನ್ಯೂಯಾರ್ಕ್ ಪೊಲೀಸರ ಬಗ್ಗೆ ರ‍್ಯಾಂಡ್ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂ ಕಡೆಯಿಂದ ಗುಂಡು ಹಾರುವಾಗ ಪೊಲೀಸರು ಹಾರಿಸಿದ್ದರಲ್ಲಿ ಗುರಿ ತಾಗಿದ್ದು ಶೇ. 18 ಮಾತ್ರ ಅಂತ ಇದೆ. ಎದುರಿನವನು ಹಾರಿಸದಿದ್ದಾಗಲೂ ಶೇ. 30. ಸಂಬಳ ಪಡೆದು ತರಬೇತಿ ಪಡೆದವರ ಕಥೆ ಇದು. ಉಳಿದ ಗುಂಡುಗಳು ಗಾಳಿಯಲ್ಲಿ ಕರಗುವುದಿಲ್ಲ. 2012ರ ಆಗಸ್ಟ್ 24ರಂದು ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ, ಮಾಜಿ ಸಹೋದ್ಯೋಗಿಯನ್ನು ಕೊಂದು ನಡೆದು ಹೋಗುತ್ತಿದ್ದವನ ಮೇಲೆ ಇಬ್ಬರು ಪೊಲೀಸರು 16 ಗುಂಡು ಹಾರಿಸಿದರು. ಅವನು ಸತ್ತ. ದಾರಿಯಲ್ಲಿದ್ದ ಒಂಬತ್ತು ಜನರಿಗೆ ಗಾಯ. ಒಂಬತ್ತೂ ಪೊಲೀಸರ ಗುಂಡು ಅಥವಾ ಅದರ ಚೂರು ತಾಗಿ ಆದದ್ದು.

ಗೆಳೆಯನ ಅಂಗಡಿಯ ಮುಂದೆ ನಾಲ್ಕು ಪಂಪು, ರಸ್ತೆ, ರಸ್ತೆಯಾಚೆ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿ. ಅದು ರಾತ್ರಿಯೆಲ್ಲ ತೆರೆದಿರುತ್ತದೆ. ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಹೆಂಗಸರು ಬಟ್ಟೆ ಒಣಗಲು ಕಾಯುತ್ತಿರುತ್ತಾರೆ ಅಂತ ಅವನೇ ಹೇಳಿದ್ದು. "ನಿನ್ನ ಎಂಟನೇ ಗುಂಡು ಯಾವ ಕಡೆ ಹೋಗುತ್ತೆ?" ಅಂತ ಕೇಳಿದೆವು. ಮೊದಲನೆಯದಕ್ಕೂ ಅದೇ ಪ್ರಶ್ನೆ ಇದೆ, ನಿಜ. ಗಾಬರಿಯಲ್ಲಿ ಎಂಟನೆಯದಕ್ಕೆ ಹೋಗುವವನ ಕೈ ಮೊದಲನೆಯದರಲ್ಲಿ ಇದ್ದಷ್ಟು ನೆಟ್ಟಗೆ ಇರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಇನ್ನೊಂದು ಮ್ಯಾಗಜಿನ್ ಬೇಕು ಅನ್ನುವುದಕ್ಕೆ ಒಂದು ಗಟ್ಟಿ ಕಾರಣ ಇದೆ. ಅದಕ್ಕೂ ಗುಂಡಿನ ಸಂಖ್ಯೆಗೂ ಸಂಬಂಧ ಇಲ್ಲ. ಪಿಸ್ತೂಲಿನಲ್ಲಿ ಬೇಗ ಕೈಕೊಡುವ ಭಾಗ ಆ ಡಬ್ಬಿಯೇ. ಅದರ ಬಾಯಿಯ ತುಟಿ ಸ್ವಲ್ಪ ಬಾಗಿದರೆ, ಸ್ಪ್ರಿಂಗು ಸೋತರೆ, ಒಳಗೆ ಬಟ್ಟೆಯ ಜೂಲು ಸೇರಿದರೆ ತೋಟಾ ಸರಿಯಾಗಿ ಮೇಲೆ ಬರುವುದಿಲ್ಲ. ಒಮ್ಮೊಮ್ಮೆ ಎರಡು ತೋಟಾ ಒಟ್ಟಿಗೆ ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತವೆ. ಆಗ ಡಬ್ಬಿ ಕಿತ್ತು ಹಾಕಿ, ಸಿಕ್ಕಿಕೊಂಡದ್ದನ್ನು ಬಿಡಿಸಿ, ಬೇರೆ ಡಬ್ಬಿ ಹಾಕುವುದೇ ದಾರಿ. ಕಾರಿನಲ್ಲಿ ಕೂತಾಗ ಸೀಟ್ ಬೆಲ್ಟು ಒತ್ತಿ, ಗುಂಡಿ ಅದುಮಿ, ಡಬ್ಬಿ ಅರ್ಧ ಜಾರಿ ನಿಲ್ಲುವುದೂ ಉಂಟು. ಬೇರೆ ಡಬ್ಬಿ ಇಲ್ಲದವನ ಕೈಯಲ್ಲಿ ಉಳಿಯುವುದು ಒಂದೇ ಈಡಿನ ಕೋವಿ, ಅದೂ ಅಪ್ಪನ ಕೋವಿಗಿಂತ ಸಣ್ಣದು.

ಅಂದರೆ ಅದು ಸ್ಟೆಪ್ನಿ ಇದ್ದ ಹಾಗೆ. ಸ್ಟೆಪ್ನಿ ಇಟ್ಟುಕೊಳ್ಳುವುದು ಹೆಚ್ಚು ದೂರ ಹೋಗಬೇಕು ಅಂತಲ್ಲ, ಚಕ್ರ ಕೈಕೊಡುತ್ತದೆ ಅಂತ. ರಿವಾಲ್ವರ್ ಇಟ್ಟುಕೊಂಡವರಿಗೆ ಈ ಕಾರಣ ಅನ್ವಯಿಸುವುದಿಲ್ಲ, ಅದರಲ್ಲಿ ಡಬ್ಬಿಯೇ ಇಲ್ಲ. ಮತ್ತೆ, ಸ್ಟೆಪ್ನಿ ಇದ್ದೂ ಚಕ್ರ ಬಿಚ್ಚಲು ಬಾರದವರು ಆಗುಂಬೆ ಘಾಟಿಯಲ್ಲಿ ಎಷ್ಟು ಜನ ಕೈ ಬೀಸುತ್ತ ನಿಂತಿರುತ್ತಾರೆ ನೋಡಿ.

ಆದ್ದರಿಂದ ಕೇಳಿದೆವು: ಕೊಂಡ ಮೇಲೆ ಎಷ್ಟು ಸಲ ಗುರಿ ಅಭ್ಯಾಸಕ್ಕೆ ಹೋಗಿದ್ದೀಯ? ಮೂರು ಸಲ. ಡಬ್ಬಿ ಬದಲಾಯಿಸಿ ನೋಡಿದ್ದೀಯಾ? ಮೇಜಿನ ಮೇಲಿಟ್ಟುಕೊಂಡು. ಜೇಬಿನಿಂದ, ಎಡಗೈಯಲ್ಲಿ, ಕತ್ತಲಲ್ಲಿ? ಉತ್ತರ ಬರಲಿಲ್ಲ. ಆ ಜೇಬಿನಲ್ಲಿ ಅಂಗಡಿಯ ಕೀಲಿಗೊಂಚಲೂ ಚಿಲ್ಲರೆಯೂ ಇರುತ್ತದೆ ಅಂತ ಆಮೇಲೆ ಒಪ್ಪಿಕೊಂಡ.

ಭಾರದ ವಿಷಯವೂ ಇದೆ. ಒಂದು 9 ಎಂಎಂ ತೋಟಾ ಸುಮಾರು 12 ಗ್ರಾಂ. ಆರು ತೋಟಾ, ಮೇಲೆ ಡಬ್ಬಿ. ದೊಡ್ಡದಲ್ಲ. ಆದರೆ ದಿನಾ, ವಾರಕ್ಕೆ ಆರು ದಿನ, ಟೆಕ್ಸಾಸಿನ ಬೇಸಿಗೆಯಲ್ಲಿ. ಮೊದಲು ಜೇಬಿನ ಡಬ್ಬಿ ಕಾರಿನಲ್ಲಿ ಉಳಿಯುತ್ತದೆ. ಆಮೇಲೆ ಸೊಂಟ ಒತ್ತುತ್ತದೆ ಅಂತ ಪಿಸ್ತೂಲೂ ಅಲ್ಲೇ ಉಳಿಯುತ್ತದೆ. ಕಾರಿನ ಗಾಜು ಒಡೆದು ಬಂದೂಕು ಕದಿಯುವುದು ಅಲ್ಲಿ ಮಾಮೂಲಿ ಕಳ್ಳತನ. ಹಾಗೆ ಹೋದ ಬಂದೂಕು ಮುಂದೆ ಯಾರ ಕೈ ಸೇರುತ್ತದೋ.

ಕಾರಿನಲ್ಲಿ ಉಳಿದ ಬಂದೂಕಿನ ಮಾತಿಗೆ ಟೆಕ್ಸಾಸಿನಲ್ಲಿ ಬೇರೆಯೇ ನೋವಿನ ಕಥೆ ಒಂದಿದೆ. 1991ರ ಅಕ್ಟೋಬರ್ 16ರಂದು ಕಿಲೀನ್ ಊರಿನ ಲ್ಯೂಬಿಸ್ ಹೋಟೆಲಿಗೆ ಒಬ್ಬ ಗಾಡಿ ನುಗ್ಗಿಸಿ, ಇಳಿದು 23 ಜನರನ್ನು ಕೊಂದ. ಅಲ್ಲಿ ಊಟಕ್ಕೆ ಕೂತಿದ್ದ ಸುಝಾನಾ ಹಪ್ ತಮ್ಮ ರಿವಾಲ್ವರನ್ನು ಕಾರಿನಲ್ಲೇ ಬಿಟ್ಟು ಬಂದಿದ್ದರು, ಆಗಿನ ಕಾನೂನು ಒಳಗೆ ಒಯ್ಯಲು ಬಿಡುತ್ತಿರಲಿಲ್ಲ. ಅವರ ಅಪ್ಪ ಅಮ್ಮ ಇಬ್ಬರೂ ಅಲ್ಲೇ ಹೋದರು. ಮುಂದೆ ಅವರು ಶಾಸಕಿಯಾದರು. 1995ರಲ್ಲಿ ಟೆಕ್ಸಾಸ್ ಬಚ್ಚಿಟ್ಟುಕೊಂಡು ಬಂದೂಕು ಒಯ್ಯಲು ಲೈಸೆನ್ಸ್ ಕೊಡುವ ಕಾನೂನು ಮಾಡಿದ್ದರ ಹಿಂದೆ ಅವರ ಹೋರಾಟವೂ ಇತ್ತು. ಗೆಳೆಯನಿಗೆ ಈ ಕಥೆ ಚೆನ್ನಾಗಿ ಗೊತ್ತು, ಅಲ್ಲಿ ಎಲ್ಲರಿಗೂ ಗೊತ್ತು. ಬಂದೂಕೇ ಬೇಡ ಅಂತ ಇಲ್ಲಿ ಕೂತು ಅವನಿಗೆ ಹೇಳುವ ಧೈರ್ಯ ನಮಗೆ ಬರದಿದ್ದದ್ದು ಈ ಥರದ ಕಥೆಗಳಿಂದಲೇ. ಆ ಹೋಟೆಲಿನಲ್ಲಿ ಬೇಕಾಗಿದ್ದದ್ದು ಒಂದು ರಿವಾಲ್ವರು ಕೈಗೆ ಸಿಗುವ ಹಾಗೆ ಇರುವುದು. ಹೆಚ್ಚಿನ ಗುಂಡಿನ ಮಾತು ಅಲ್ಲಿ ಬರುವುದೇ ಇಲ್ಲ.

ಕೊನೆಗೆ ನಮ್ಮ ಅಭಿಪ್ರಾಯ ಕೇಳಿದ. ಇಟ್ಟುಕೋ, ಆದರೆ ಅದು ಐದನೆಯದೋ ಆರನೆಯದೋ ಕೆಲಸ ಅಂದೆವು. ಅದಕ್ಕಿಂತ ಮೊದಲು ರಾತ್ರಿ ಹನ್ನೊಂದರ ತನಕ ಅಂಗಡಿ ಯಾಕೆ ತೆರೆದಿರಬೇಕು ಅಂತ ಮಾಲೀಕರನ್ನು ಕೇಳು. ಒಂಬತ್ತರ ಮೇಲೆ ಬರುವ ಗಿರಾಕಿ ಎಷ್ಟು ಜನ? ಮುಚ್ಚುವಾಗ ಇನ್ನೊಬ್ಬ ಇರಲಿ ಅಂತ ಕೇಳು. ಹಾಕಿದ ದುಡ್ಡನ್ನು ನೀನೇ ತೆಗೆಯಲಾಗದ ತಿಜೋರಿ ಅಲ್ಲಿ ಸಿಗುತ್ತದೆ, ಅದರ ಬಗ್ಗೆ ಬಾಗಿಲಿಗೆ ಬೋರ್ಡು ಅಂಟಿಸು. ಬಂದವನು ಕೇಳಿದರೆ ಗಲ್ಲದಲ್ಲಿರುವ ನೂರು ಡಾಲರ್ ಕೊಟ್ಟು ಕಳಿಸು. ಗಾಯ ಕಟ್ಟಿ ರಕ್ತ ನಿಲ್ಲಿಸುವ ಪಟ್ಟಿ ಒಂದು ಇಟ್ಟುಕೋ. 2015ರಿಂದ ಅಲ್ಲಿ 'ಸ್ಟಾಪ್ ದ ಬ್ಲೀಡ್' ಅಂತ ಸಾಮಾನ್ಯ ಜನರಿಗೇ ಅದನ್ನು ಕಲಿಸುತ್ತಿದ್ದಾರೆ. ಗುಂಡು ತಾಗದಿದ್ದರೂ ಅಂಗಡಿಯ ಗಾಜಿಗೆ, ರಸ್ತೆಯ ಅಪಘಾತಕ್ಕೆ ಅದು ಬೇಕಾಗುತ್ತದೆ.

ಮಾಲೀಕರು ಇನ್ನೊಬ್ಬನನ್ನು ಇಡಲು ಒಪ್ಪಲಿಲ್ಲ. ಗಂಟೆಗೆ ಇಷ್ಟು ಡಾಲರ್ ಅಂತ ಲೆಕ್ಕ ಹಾಕಿ ತೋರಿಸಿದರಂತೆ. ಒಂಬತ್ತಕ್ಕೆ ಮುಚ್ಚುವುದಕ್ಕೂ ಇಲ್ಲ. ಹತ್ತಕ್ಕೆ ಮುಚ್ಚಬಹುದು ಅಂದಿದ್ದಾರೆ. ತಿಜೋರಿಗೆ ಒಪ್ಪಿದ್ದಾರೆ, ಬೋರ್ಡು ಅವತ್ತೇ ಅಂಟಿಸಿದ. ಹೆಚ್ಚಿನ ಮ್ಯಾಗಜಿನ್ನಿಗೆ ಸೊಂಟದ ಎಡಕ್ಕೆ ಸಿಕ್ಕಿಸುವ ಪುಟ್ಟ ಚೀಲ ಕೊಂಡಿದ್ದಾನೆ, ಕೀಲಿಗೊಂಚಲು ಬಲಗಡೆ ಜೇಬಿಗೆ ಹೋಯಿತು.

ಅವನಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ತುಂಬಿದ ಬಂದೂಕು 17 ವರ್ಷದೊಳಗಿನವರ ಕೈಗೆ ಸಿಗುವ ಹಾಗೆ ಬಿಡುವುದು ಟೆಕ್ಸಾಸಿನಲ್ಲೂ ಅಪರಾಧವೇ. ರಾತ್ರಿ ಬಂದವನು ಪಿಸ್ತೂಲನ್ನು ಬೀರುವಿನ ಮೇಲೆ ಇಡುತ್ತಿದ್ದ. ಈಗ ನಂಬರ್ ಒತ್ತಿ ತೆರೆಯುವ ಸಣ್ಣ ಕಬ್ಬಿಣದ ಪೆಟ್ಟಿಗೆ ತಂದಿದ್ದಾನೆ. ಅದರ ಫೋಟೊ ಕಳಿಸಿದ್ದ. ಪಿಸ್ತೂಲು ಇಟ್ಟರೆ ಉಳಿಯುವ ಜಾಗ ಬಹಳ ಕಡಿಮೆ, ಮ್ಯಾಗಜಿನ್ ಅಡ್ಡ ಹಿಡಿಸುವುದಿಲ್ಲ, ಓರೆಯಾಗಿ ಇಟ್ಟು ಮುಚ್ಚಳ ಒತ್ತಬೇಕು.